ಕೊಳವೆ ಹೇಳಿದ್ದು ಕಾಲುವೆಗೆ ಕೇಳಲಿಲ್ಲ

ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ವಿತರಣಾ ಕಾಲುವೆಯೊಂದು ಮುಗಿಯುವ ಹತ್ತಿರ, ಭತ್ತದ ಗದ್ದೆಯಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ನೆಟ್ಟಿದ್ದರು. ಒಂದಡಿ ಉದ್ದ, ಕೈ ತೂರಿಸುವಷ್ಟು ಅಗಲ. ಕೆಳಭಾಗಕ್ಕೆ ಸುತ್ತಲೂ ಕಾಯಿಸಿದ ಮೊಳೆಯಿಂದ ತೂತು ಹೊಡೆದಿದ್ದರು. ತೂತಿರುವ ಭಾಗ ಮಣ್ಣಿನಲ್ಲಿ, ಮಿಕ್ಕದ್ದು ಮೇಲೆ. ಬಗ್ಗಿ ಇಣುಕಿದರೆ ನೆಲದಡಿಯಲ್ಲಿ ನೀರು ಎಷ್ಟು ಕೆಳಗಿದೆ ಎಂದು ಕಾಣುತ್ತದೆ. 15 ಸೆಂ.ಮೀ. ಇಳಿಯುವವರೆಗೆ ಗದ್ದೆಯನ್ನು ಒಣಗಲು ಬಿಡಬೇಕು. ಆಮೇಲೆ ಮತ್ತೆ ನೀರು ಕಟ್ಟಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ತಪ್ಪಬಾರದು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಏಷ್ಯಾದ ಉದ್ದಕ್ಕೂ ಹರಡಿದ ಹಸಿ-ಒಣ ವಿಧಾನ ಇದು. ನೀರು ಉಳಿಯುತ್ತದೆ, ಮೀಥೇನ್ ಅನಿಲ ಕಡಿಮೆಯಾಗುತ್ತದೆ, ಸರಿಯಾಗಿ ಮಾಡಿದರೆ ಇಳುವರಿ ಬೀಳುವುದಿಲ್ಲ.

ನಾನು ಹೋದ ದಿನ ಕೊಳವೆಯ ತಳದಲ್ಲಿ ಕೆಸರು ಮಾತ್ರ ಇತ್ತು. ಗದ್ದೆ ಬಿರಿದಿತ್ತು. ಎರೆ ಮಣ್ಣು ಬಿರಿದರೆ ಬೆರಳಲ್ಲ, ಕೈಯೇ ಒಳಗೆ ಹೋಗುತ್ತದೆ. ಹಾಗೆ ಬಿರಿದ ಮೇಲೆ ಬಂದ ಮೊದಲ ನೀರನ್ನೆಲ್ಲ ಬಿರುಕೇ ಕುಡಿಯುತ್ತದೆ. ಬದುವಿನ ಮೇಲೆ ಕೂತಿದ್ದ ಹೊಲದ ಯಜಮಾನರನ್ನು ಕೇಳಿದೆ, "ಏನಾತು ಕಾಕಾ?"

"ಕೊಳವಿ ಹೇಳಿದ್ದು ಖರೇ ಐತಿ ತಮ್ಮಾ," ಅಂದರು. "ಒಣಗಸು ಅಂದ್ರು, ಒಣಗಿಸಿದ್ಯಾ. ಮತ್ತ ಹಸಿ ಮಾಡೋರು ಯಾರು?"

ಕಾಕಾನ ಪ್ರಶ್ನೆಗೆ ನಮ್ಮ ಕಾಲದ ಎಲ್ಲ ಸಭೆಗಳಲ್ಲೂ ಸಿಗುವ ಉತ್ತರ ಒಂದೇ. ಸಲಹೆ ಕೊಡುವುದು ಒಬ್ಬರ ಕೆಲಸ, ಜಾರಿ ಮಾಡುವುದು ಇನ್ನೊಬ್ಬರ ಕೆಲಸ. ವಿಜ್ಞಾನ ತನ್ನ ಜಾಗದಲ್ಲಿರಲಿ, ಆಡಳಿತ ತನ್ನ ಜಾಗದಲ್ಲಿರಲಿ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ವಿಚಾರ ಸಂಕಿರಣಗಳಲ್ಲಿ ಈ ಮಾತು ಕೇಳಿದ್ದೇನೆ, ಪತ್ರಿಕೆಗಳಲ್ಲಿ ಓದಿದ್ದೇನೆ, ರೈತ ಮುಖಂಡರ ಬಾಯಲ್ಲೂ ಕೇಳಿದ್ದೇನೆ. ಕೆಲಸ ಕೆಟ್ಟಾಗ ಇದರ ಬೆನ್ನಿಗೆ ಒಂದು ಗಾದೆಯೂ ಬರುತ್ತದೆ: ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಂದರೆ ಸಲಹೆ ಚೆನ್ನಾಗಿಯೇ ಇತ್ತು, ಜಾರಿ ಮಾಡುವವರು ಕೆಡಿಸಿದರು.

ಈ ಅಭಿಪ್ರಾಯ ತಪ್ಪು. ಅದು ಕೆಲಸ ಕೆಡಿಸುವುದಷ್ಟೇ ಅಲ್ಲ, ಸಲಹೆಯನ್ನೇ ಕೆಡಿಸುತ್ತದೆ. ಕಾಕಾನ ಗದ್ದೆಯಲ್ಲಿ ಪೂಜಾರಿ ತಡೆದದ್ದಲ್ಲ. ಕೊಟ್ಟ ವರವೇ ಅರ್ಧದ್ದು. ಹಸಿ-ಒಣ ವಿಧಾನವೆಂದರೆ ಒಣಗಿಸುವುದು ಮತ್ತು ಹಸಿ ಮಾಡುವುದು. ಅದರಲ್ಲಿ ಒಂದು ಭಾಗವನ್ನು ಮಾತ್ರ ರೈತನ ಕೈಗೆ ಕೊಟ್ಟು, ಇನ್ನೊಂದು ನಮ್ಮ ವ್ಯಾಪ್ತಿಯದಲ್ಲ ಎಂದು ಹೇಳಿದ ಸಲಹೆಯನ್ನು ನಾನು ವಿಜ್ಞಾನ ಎಂದು ಕರೆಯಲಾರೆ.

ಈ ವಿಭಜನೆ ಸಿಂಧನೂರಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಜಗತ್ತಿನ ಮಟ್ಟದ ಮುದ್ರೆ ಬಿದ್ದಿರುವುದು ಹವಾಮಾನ ಒಪ್ಪಂದದಲ್ಲಿ. 1992ರಲ್ಲಿ ರಿಯೊ ನಗರದಲ್ಲಿ ಸಹಿಗೆ ತೆರೆದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆ 1994ರ ಮಾರ್ಚ್ 21ರಂದು ಜಾರಿಗೆ ಬಂತು. ಅದರ 9ನೇ ವಿಧಿ ಒಂದು ಅಂಗಸಮಿತಿಯನ್ನು ಹುಟ್ಟಿಸಿತು, ವೈಜ್ಞಾನಿಕ ಮತ್ತು ತಾಂತ್ರಿಕ ಸಲಹೆಗೆ. 10ನೇ ವಿಧಿ ಇನ್ನೊಂದನ್ನು ಹುಟ್ಟಿಸಿತು, ಅನುಷ್ಠಾನಕ್ಕೆ. ಈ ಎರಡನೆಯದರ ಇಂಗ್ಲಿಷ್ ಕಿರುಹೆಸರು ಎಸ್‌ಬಿಐ. ಆ ಹೆಸರು ಹೇಳಿದರೆ ನಮ್ಮವರಿಗೆ ಬ್ಯಾಂಕು ನೆನಪಾಗುವುದರಿಂದ ಇಲ್ಲಿ ಸಲಹಾ ಸಮಿತಿ, ಅನುಷ್ಠಾನ ಸಮಿತಿ ಎಂದೇ ಕರೆಯುತ್ತೇನೆ. 1995ರಲ್ಲಿ ಬರ್ಲಿನ್‌ನಲ್ಲಿ, ಆಗ ಜರ್ಮನಿಯ ಪರಿಸರ ಸಚಿವೆಯಾಗಿದ್ದ ಆಂಗೆಲಾ ಮರ್ಕೆಲ್ ಅಧ್ಯಕ್ಷತೆಯಲ್ಲಿ ಸೇರಿದ ಮೊದಲ ಮಹಾಸಭೆ ಇವೆರಡರ ಕೆಲಸವನ್ನು ವಿವರಿಸಿತು. ಎರಡೇ ವರ್ಷದಲ್ಲಿ ಅದು ಸಾಲದಾಯಿತು. 1997ರ ಕ್ಯೋಟೊ ಸಭೆಯಲ್ಲಿ, ಎಲ್ಲರಿಗೂ ಗೊತ್ತಿರುವ ಕ್ಯೋಟೊ ಒಪ್ಪಂದದ ಜೊತೆಗೆ, ಯಾರೂ ನೆನಪಿಡದ ಇನ್ನೊಂದು ನಿರ್ಣಯವಾಯಿತು: ಈ ಎರಡು ಸಮಿತಿಗಳ ನಡುವೆ ಕೆಲಸ ಹಂಚುವ ನಿರ್ಣಯ. ಲೆಕ್ಕ ಹಾಕುವ ವಿಧಾನ, ಮಾರ್ಗಸೂಚಿ, ತಂತ್ರಜ್ಞಾನದ ತಿಳಿವಳಿಕೆ ಸಲಹಾ ಸಮಿತಿಗೆ. ದೇಶಗಳು ಕೊಟ್ಟ ವರದಿಗಳ ಪರಿಶೀಲನೆ, ಹಣದ ವ್ಯವಸ್ಥೆ, ಜಾರಿಯ ವಿಚಾರ ಅನುಷ್ಠಾನ ಸಮಿತಿಗೆ. 2015ರ ಪ್ಯಾರಿಸ್ ಒಪ್ಪಂದವೂ ತನ್ನ 18ನೇ ವಿಧಿಯಲ್ಲಿ ಈ ಎರಡನ್ನೇ ಎತ್ತಿಕೊಂಡಿತು. ಹೀಗೆ ಮೂವತ್ತು ವರ್ಷದಿಂದ, ಸಾಮಾನ್ಯವಾಗಿ ವರ್ಷದ ನಡುವೆ ಜರ್ಮನಿಯ ಬಾನ್ ನಗರದಲ್ಲಿ ಮತ್ತು ವರ್ಷದ ಕೊನೆಯ ಮಹಾಸಭೆಯ ಜೊತೆಯಲ್ಲಿ, ಈ ಎರಡೂ ಸಮಿತಿಗಳು ಅಕ್ಕಪಕ್ಕದ ಕೋಣೆಗಳಲ್ಲಿ ಕೂರುತ್ತಿವೆ.

ಈ ಏರ್ಪಾಟನ್ನು ಸಮರ್ಥಿಸುವವರ ಬಲವಾದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ವಿಜ್ಞಾನವನ್ನು ರಾಜಕೀಯದಿಂದ ಕಾಪಾಡಬೇಕು ಎನ್ನುತ್ತಾರೆ ಅವರು. ಹಣದ ಚೌಕಾಸಿ ನಡೆಯುವ ಕೋಣೆಗೆ ವಿಜ್ಞಾನ ಹೋದರೆ ಅದನ್ನೂ ಚೌಕಾಸಿ ಮಾಡುತ್ತಾರೆ. ಆದ್ದರಿಂದ ಗೋಡೆ ಬೇಕು. ಈ ಭಯ ಸುಳ್ಳಲ್ಲ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಸಲಹಾ ಸಮಿತಿಯಲ್ಲಿ ಕೂರುವವರು ವಿಜ್ಞಾನಿಗಳು ಎಂದುಕೊಂಡು ಈ ಮಾತು ಹೇಳುತ್ತಾರೆ, ತಪ್ಪು ಇರುವುದು ಅಲ್ಲಿ. ಒಡಂಬಡಿಕೆ ಓದಿದರೆ ಗೊತ್ತಾಗುತ್ತದೆ: ಎರಡೂ ಸಮಿತಿಗಳಲ್ಲಿ ಕೂರುವವರು ಸರ್ಕಾರಗಳ ಪ್ರತಿನಿಧಿಗಳೇ. ಎರಡರಲ್ಲೂ ಎಲ್ಲ ದೇಶಗಳಿಗೂ ಜಾಗ ಇದೆ. ಸಣ್ಣ ದೇಶಗಳಿಂದ ಬರುವವರು ಬೆರಳೆಣಿಕೆಯಷ್ಟು. ಈ ಕೋಣೆಯಿಂದ ಎದ್ದು ಆ ಕೋಣೆಗೆ ಓಡುವವರು ಅದೇ ಜನ. ವಿಜ್ಞಾನಿಗಳ ಕೆಲಸ ನಡೆಯುವುದು ಬೇರೆಯೇ ಕಡೆ, 1988ರಲ್ಲಿ ಸ್ಥಾಪನೆಯಾದ, ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯಲ್ಲಿ. ಅದು ಈ ಒಡಂಬಡಿಕೆಗಿಂತ ಹಳೆಯದು, ಅದಕ್ಕೆ ಅಧೀನವಲ್ಲದ್ದು. ಹಾಗಾದರೆ ಸಲಹಾ ಸಮಿತಿಯ ಗೋಡೆ ಕಾಪಾಡುತ್ತಿರುವುದು ಯಾವ ವಿಜ್ಞಾನವನ್ನು?

2018ರ ಡಿಸೆಂಬರ್‌ನಲ್ಲಿ ಪೋಲೆಂಡಿನ ಕಾಟೊವಿತ್ಸೆಯಲ್ಲಿ ಇದರ ಉತ್ತರ ಎಲ್ಲರ ಕಣ್ಣಮುಂದೆ ಸಿಕ್ಕಿತು. ಭೂಮಿಯ ತಾಪ ಒಂದೂವರೆ ಡಿಗ್ರಿ ಏರಿದರೆ ಏನಾಗುತ್ತದೆ ಎಂಬ ವರದಿಯನ್ನು ಐಪಿಸಿಸಿಯಿಂದ ಕೇಳಿದ್ದು ಇದೇ ದೇಶಗಳು, ಪ್ಯಾರಿಸ್‌ನಲ್ಲಿ. ವರದಿ ಬಂತು. ಅದನ್ನು 'ಸ್ವಾಗತಿಸುತ್ತೇವೆ' ಎಂದು ಬರೆಯುವುದೋ, 'ಗಮನಿಸುತ್ತೇವೆ' ಎಂದು ಬರೆಯುವುದೋ ಎಂಬ ಜಗಳ ಸಲಹಾ ಸಮಿತಿಯಲ್ಲೇ ನಡೆಯಿತು. ಅಮೆರಿಕ, ಸೌದಿ ಅರೇಬಿಯ, ರಷ್ಯಾ, ಕುವೈತ್ 'ಸ್ವಾಗತ'ಕ್ಕೆ ಒಪ್ಪಲಿಲ್ಲ. ಮರುವರ್ಷ ಜೂನ್‌ನಲ್ಲಿ ಬಾನ್‌ನಲ್ಲಿ ಅದರ ಚರ್ಚೆಯನ್ನೇ ಮುಗಿಸಿಬಿಟ್ಟರು. ಇದು ನಡೆದದ್ದು ಹಣದ ಕೋಣೆಯಲ್ಲಲ್ಲ, ವಿಜ್ಞಾನದ ಹೆಸರಿನ ಕೋಣೆಯಲ್ಲಿ. ಗೋಡೆ ಕಟ್ಟಿದರೂ ರಾಜಕೀಯ ಒಳಗೇ ಇತ್ತು. ಹೊರಗೆ ಉಳಿದದ್ದು ಹೊಣೆ ಮಾತ್ರ.

ಗೋಡೆ ಎಲ್ಲಿ ಎದ್ದಿದೆ ಎಂಬುದನ್ನು ನೋಡಿದರೂ ಅಷ್ಟೆ. ಹವಾಮಾನ ಬದಲಾವಣೆಯಿಂದ ಯಾರಿಗೆ ಯಾವ ಪೆಟ್ಟು ಬೀಳುತ್ತದೆ, ಅದಕ್ಕೆ ಹೇಗೆ ಹೊಂದಿಕೊಳ್ಳಬೇಕು ಎಂದು ತಿಳಿಯುವ ನೈರೋಬಿ ಕಾರ್ಯಕ್ರಮ ಸಲಹಾ ಸಮಿತಿಯಲ್ಲಿ. ಹೊಂದಿಕೊಳ್ಳಲು ದೇಶಗಳು ಬರೆಯುವ ರಾಷ್ಟ್ರೀಯ ಯೋಜನೆಗಳು ಅನುಷ್ಠಾನ ಸಮಿತಿಯಲ್ಲಿ. ಒಂದೇ ಬರ, ಒಂದೇ ನೆರೆ, ತಿಳಿವಳಿಕೆ ಒಂದು ಬಾಗಿಲಲ್ಲಿ, ಯೋಜನೆ ಇನ್ನೊಂದು ಬಾಗಿಲಲ್ಲಿ. ಇಂಗಾಲದ ಮಾರುಕಟ್ಟೆಯೆಂದರೆ ಅಪ್ಪಟ ವ್ಯಾಪಾರ, ಕೊಡು-ಕೊಳ್ಳುವ ವ್ಯವಹಾರ. ಪ್ಯಾರಿಸ್ ಒಪ್ಪಂದದ 6ನೇ ವಿಧಿಯ ಆ ಮಾರುಕಟ್ಟೆಯ ನಿಯಮಗಳನ್ನು ಬರೆಯಲು ವರ್ಷಗಟ್ಟಲೆ ಕೂತದ್ದು ವಿಜ್ಞಾನ ಮತ್ತು ತಂತ್ರಜ್ಞಾನದ ಸಮಿತಿ! ಯಾವ ತರ್ಕದ ಮೇಲೆ ಈ ಗೆರೆ ಎಳೆದಿದ್ದಾರೆ?

ಕೃಷಿಯ ಕಥೆ ಇನ್ನೂ ನೋವಿನದು, ಯಾಕೆಂದರೆ ಅದು ನಮ್ಮದು. 2011ರಲ್ಲಿ ಡರ್ಬನ್ ಮಹಾಸಭೆ ಕೃಷಿಯ ಬಗ್ಗೆ ಯೋಚಿಸಿ ಎಂದು ಸಲಹಾ ಸಮಿತಿಗೆ ಹೇಳಿತು. ಸಮಿತಿ ಯೋಚಿಸಿತು. ಕಾರ್ಯಾಗಾರಗಳ ಮೇಲೆ ಕಾರ್ಯಾಗಾರಗಳಾದವು. ಮುನ್ನೆಚ್ಚರಿಕೆ ವ್ಯವಸ್ಥೆ, ಬೆಳೆಗಳ ಅಪಾಯ, ಹೊಂದಾಣಿಕೆಯ ಕ್ರಮಗಳು, ಬೇಸಾಯ ಪದ್ಧತಿಗಳು ಎಲ್ಲದರ ಮೇಲೂ ವರದಿಗಳು ಬಂದವು. ಜಾರಿಯ ಮಾತು, ಹಣದ ಮಾತು ಅಲ್ಲಿ ಎತ್ತುವಂತಿರಲಿಲ್ಲ. ಅದು ಪಕ್ಕದ ಕೋಣೆಯ ಕೆಲಸ. ಹೀಗೆ ಆರು ವರ್ಷ ಕಳೆಯಿತು. 2017ರಲ್ಲಿ, ಫಿಜಿ ಅಧ್ಯಕ್ಷತೆಯಲ್ಲಿ ಬಾನ್‌ನಲ್ಲಿ ಸೇರಿದ ಮಹಾಸಭೆ, ಕೃಷಿಯ ಬಗ್ಗೆ ಎರಡೂ ಸಮಿತಿಗಳು ಒಟ್ಟಿಗೆ ಕೆಲಸ ಮಾಡಬೇಕು ಎಂದು ನಿರ್ಣಯಿಸಿತು. ಫಿಜಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿರುವ ಒಂದು ಊರಿನ ಹೆಸರನ್ನೇ ಇಟ್ಟು ಅದನ್ನು ಕೊರೊನಿವಿಯಾ ಜಂಟಿ ಕಾರ್ಯ ಎಂದು ಕರೆದರು. ನನ್ನ ಮಟ್ಟಿಗೆ ಇದು ತಪ್ಪೊಪ್ಪಿಗೆ. ಇಪ್ಪತ್ತು ವರ್ಷ ಹಿಂದೆ ಕ್ಯೋಟೊದಲ್ಲಿ ಎಳೆದ ಗೆರೆ ಅನ್ನ ಬೆಳೆಯುವವನ ವಿಷಯದಲ್ಲಿ ನಡೆಯಲಿಲ್ಲ ಎಂದು ಗೆರೆ ಎಳೆದವರೇ ಒಪ್ಪಿದ್ದು.

ಒಪ್ಪಿದ ಮೇಲಾದರೂ ಗೋಡೆ ಒಡೆದರೇ? 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಕೃಷಿ ಮತ್ತು ಆಹಾರ ಭದ್ರತೆಯ ಮೇಲೆ ನಾಲ್ಕು ವರ್ಷದ ಜಂಟಿ ಕಾರ್ಯ ಎಂದು ಮತ್ತೆ ಹೆಸರಿಟ್ಟರು. ಈ ಸಲ ಶೀರ್ಷಿಕೆಯಲ್ಲೇ 'ಅನುಷ್ಠಾನ' ಎಂಬ ಪದ ಬಂತು. ಇದನ್ನು ನಡೆಸಿಕೊಂಡು ಹೋಗಲು ಒಂದು ಸಮನ್ವಯ ತಂಡ ಬೇಕು ಎಂದು ಅಭಿವೃದ್ಧಿಶೀಲ ದೇಶಗಳು ಕೇಳಿದವು. ಶ್ರೀಮಂತ ದೇಶಗಳು ಒಪ್ಪಲಿಲ್ಲ. 2023ರ ಜೂನ್‌ನ ಬಾನ್ ಸಭೆಯಲ್ಲಂತೂ ಎರಡು ಸಮಿತಿಗಳ ಕಾರ್ಯಸೂಚಿ ಅಂಗೀಕಾರವಾದದ್ದೇ ಸಭೆ ಮುಗಿಯುವ ಹಿಂದಿನ ದಿನ. ಅನಿಲ ಇಳಿಸುವ ವಿಷಯ ಸೇರಲಿ ಎಂದು ಒಂದು ಕಡೆ, ಅದಕ್ಕೆ ಬೇಕಾದ ಹಣದ ವಿಷಯ ಜೊತೆಗೆ ಬರದಿದ್ದರೆ ಬೇಡ ಎಂದು ಇನ್ನೊಂದು ಕಡೆ. 'ಮಾಡು' ಎನ್ನುವುದನ್ನೂ 'ಮಾಡಲು ಇಗೋ' ಎನ್ನುವುದನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆಯುವ ಅಭ್ಯಾಸ ಅಲ್ಲಿಗೆ ತಂದು ನಿಲ್ಲಿಸಿತು.

ಬಾನ್‌ನಿಂದ ಸಿಂಧನೂರಿಗೆ ಬರೋಣ. ಸಲಹೆ ಬೇರೆ, ಜಾರಿ ಬೇರೆ ಎಂಬ ಏರ್ಪಾಟನ್ನು ನಾವು ಇಲ್ಲಿ ಎಪ್ಪತ್ತು ವರ್ಷದಿಂದ ಉಂಡಿದ್ದೇವೆ. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಹೈದರಾಬಾದ್ ಸಂಸ್ಥಾನದ ಪಾಲಿನದಾಗಿತ್ತು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಎರೆ ಭೂಮಿಯನ್ನು ಬರದಿಂದ ಕಾಯಲು ನೀರನ್ನು ತೆಳುವಾಗಿ, ಅಗಲವಾಗಿ ಹರಡಬೇಕು ಎಂಬುದು ಯೋಜನೆ. ಜೋಳ, ಹತ್ತಿ, ಶೇಂಗಾಕ್ಕೆ ಹೆಚ್ಚಿನ ಜಮೀನು, ಭತ್ತಕ್ಕೆ ಸ್ವಲ್ಪವೇ ಎಂದು ಸರ್ವೆ ನಂಬರ್ ಹಿಡಿದು ಬೆಳೆ ನಿಗದಿ ಮಾಡಿದರು. ಕಾಗದದ ಮೇಲೆ ಅದು ನ್ಯಾಯದ ಯೋಜನೆಯೇ. ಆದರೆ ನಕ್ಷೆ ಬರೆದವರು ಬೇರೆ, ತೂಬು ಎತ್ತುವವರು ಬೇರೆ, ಸಾಲ ಕೊಡುವವರು ಬೇರೆ, ಭತ್ತ ಕೊಳ್ಳುವವರು ಬೇರೆ. ಕರಾವಳಿ ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿ, ಹೊಲ ಮಟ್ಟ ಮಾಡಿ ಭತ್ತ ಹಚ್ಚಿದರು. ಅವರನ್ನು ನೋಡಿ ನಮ್ಮವರೂ ಹಚ್ಚಿದರು. ಅಕ್ಕಿ ಗಿರಣಿಗಳು ಎದ್ದವು. ಸೋನಾ ಮಸೂರಿ ಸಿಂಧನೂರಿನ ಹೆಸರು ಬೆಳಗಿಸಿತು. ಮೇಲಿನವರ ಗದ್ದೆ ತುಂಬಿತು, ಕೆಳಭಾಗದವರ ಕಾಲುವೆ ಬತ್ತಿತು. ಮೇಲೆ ಜವುಳು, ಕೆಳಗೆ ಬಿರುಕು. ಇವತ್ತಿಗೂ ಕಡತದಲ್ಲಿ ಇದಕ್ಕೆ 'ಬೆಳೆ ಪದ್ಧತಿ ಉಲ್ಲಂಘನೆ' ಎಂದು ಹೆಸರು. ಉಲ್ಲಂಘಿಸಿದವನು ರೈತ. ಉಲ್ಲಂಘಿಸಲು ನೀರು ಕೊಟ್ಟ ತೂಬಿನ ಹೆಸರು ಆ ಕಡತದಲ್ಲಿಲ್ಲ.

ಈ ನಾಲೆಗೆ ಒಂದು ಸಲಹಾ ಸಮಿತಿ ಇದೆ. ನೀರಾವರಿ ಸಲಹಾ ಸಮಿತಿ. ಜನರ ಬಾಯಲ್ಲಿ ಐಸಿಸಿ. ಸಚಿವರು ಅಧ್ಯಕ್ಷರು, ಶಾಸಕರು, ಎಂಜಿನಿಯರುಗಳು, ರೈತ ಮುಖಂಡರು ಸೇರುತ್ತಾರೆ. ಮುನಿರಾಬಾದ್‌ನಲ್ಲಿ ಸಭೆ ಎಂದರೆ ಸಿಂಧನೂರಿನ ಗೊಬ್ಬರದಂಗಡಿಗಳ ಮುಂದೆ ಜನ ಮೊಬೈಲ್ ಹಿಡಿದು ಕಾಯುತ್ತಾರೆ. ಯಾವ ತಾರೀಖಿನಿಂದ ಎಷ್ಟು ಕ್ಯುಸೆಕ್, ಎರಡನೇ ಬೆಳೆಗೆ ನೀರು ಉಂಟೋ ಇಲ್ಲವೋ ಎಲ್ಲ ಅಲ್ಲೇ. ಹೆಸರಿನಲ್ಲಿ ಸಲಹೆ, ನಡೆಯುವುದು ತೀರ್ಮಾನ. ಆದರೆ ತೀರ್ಮಾನ ಕೆಟ್ಟಾಗ ಅದು ಮತ್ತೆ ಸಲಹೆಯಾಗಿಬಿಡುತ್ತದೆ. ನೀರು ಬಿಡಿ ಎಂದು ಸಮಿತಿ ಹೇಳಿತ್ತು, ನಾಲೆಯ ಮೈಲ್ 69ರಲ್ಲಿ ಗೇಜ್, ಅಂದರೆ ನಿಗದಿಯ ನೀರಿನ ಮಟ್ಟ, ನಿಲ್ಲಲಿಲ್ಲ. ಮೈಲ್ 69ರಲ್ಲಿ ನಿಂತಿತ್ತು, 104ರಲ್ಲಿ ನಿಲ್ಲಲಿಲ್ಲ. ಗೇಜ್ ನಿರ್ವಹಣೆ ನಮ್ಮದಲ್ಲ ಎಂದು ಒಬ್ಬರು, ಮೇಲಿನಿಂದಲೇ ಬರಲಿಲ್ಲ ಎಂದು ಇನ್ನೊಬ್ಬರು, ಅಕ್ರಮ ಪಂಪ್‌ಸೆಟ್ ಎಂದು ಮತ್ತೊಬ್ಬರು. ಕೊನೆಗೆ ಬಿಸಿಲಲ್ಲಿ ನಿಂತ ಹಂಗಾಮಿ ಗ್ಯಾಂಗ್‌ಮನ್ ಜೊತೆ ರೈತರು ಜಗಳಕ್ಕೆ ನಿಲ್ಲುತ್ತಾರೆ. ಸಲಹೆಯಲ್ಲೂ ಇಲ್ಲದ, ತೀರ್ಮಾನದಲ್ಲೂ ಇಲ್ಲದ, ತಿಂಗಳ ಸಂಬಳವೂ ಸರಿಯಾಗಿ ಸಿಗದ ಆ ಮನುಷ್ಯ ಇಡೀ ವ್ಯವಸ್ಥೆಗೆ ಉತ್ತರ ಕೊಡಬೇಕಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್‌ನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೂಡಿಟ್ಟ ನೀರು ನದಿ ಪಾಲಾಯಿತು. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ತಡೆದರು. ಹರಿಯುವ ನೀರಿನ ಮೇಲೆ ನಿಂತು ಆ ಕೆಲಸ ಮಾಡಿದವರಿಗೆ ನಮ್ಮ ಇಡೀ ಜಿಲ್ಲೆ ಋಣಿ. ಆದರೆ ಗೇಟುಗಳಿಗೆ ವಯಸ್ಸಾಗಿದೆ ಎಂದು ಆ ರಾತ್ರಿಯವರೆಗೆ ಯಾರಿಗೂ ಗೊತ್ತಿರಲಿಲ್ಲವೇ? ಮೊದಲು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದದ್ದೂ ಗುಟ್ಟಲ್ಲ. ಅಳತೆ ಮಾಡುವವರು ಅಳೆದರು, ಬರೆದರು, ಕಳಿಸಿದರು. ಕಳಿಸಿದ ಮೇಲೆ ಅವರ ಕೆಲಸ ಮುಗಿಯಿತು. ಓದುವವರ ಕೆಲಸ ಶುರುವಾಗಬೇಕಿತ್ತು. ಇವೆರಡರ ನಡುವಿನ ಜಾಗದಲ್ಲಿ ಆ ಚೈನ್ ತುಕ್ಕು ಹಿಡಿಯಿತು.

ಈಗ ಅದೇ ನಾಲೆಯ ಗದ್ದೆಗೆ ಹವಾಮಾನದ ಹೆಸರಲ್ಲಿ ಹೊಸ ಸಲಹೆ ಬಂದಿದೆ. ನಿಂತ ನೀರಿನ ಕೆಳಗೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುವ ಹುಲ್ಲು, ಬೇರುಗಳಿಂದ ಮೀಥೇನ್ ಹುಟ್ಟಿಸುತ್ತವೆ. ಅದು ಭತ್ತದ ದಂಟಿನ ಪೊಳ್ಳಿನ ಮೂಲಕವೇ ಮೇಲೆ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಕಾವು ಹಿಡಿಯುತ್ತದೆ. ನಡುನಡುವೆ ಹಲವು ಸಲ ಗದ್ದೆ ಒಣಗಿಸಿದರೆ ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಣಗಿಸಿದಾಗ ಯೂರಿಯಾದಿಂದ ಹುಟ್ಟುವ ನೈಟ್ರಸ್ ಆಕ್ಸೈಡ್ ಒಂದಿಷ್ಟು ಏರುತ್ತದೆ, ಕಳೆಯೂ ಹೆಚ್ಚುತ್ತದೆ, ಒಟ್ಟಾರೆ ಲಾಭವೇ. ಇದನ್ನೆಲ್ಲ ನಾನು ಒಪ್ಪುತ್ತೇನೆ. 2021ರಲ್ಲಿ ಗ್ಲಾಸ್ಗೊದಲ್ಲಿ ಮೀಥೇನ್ ಇಳಿಸುವ ಜಾಗತಿಕ ಪ್ರತಿಜ್ಞೆ ಆದಾಗ ಭಾರತ ಸಹಿ ಹಾಕಲಿಲ್ಲ. ಭತ್ತ ಮತ್ತು ದನ ನಮ್ಮ ಸಣ್ಣ ರೈತರ ಬದುಕು ಎಂಬುದು ಕಾರಣ. ಅದನ್ನೂ ಒಪ್ಪುತ್ತೇನೆ. ಆದರೆ ಸಹಿ ಹಾಕಲಿಲ್ಲ ಎಂದ ಮಾತ್ರಕ್ಕೆ ಕಾಕಾನ ಗದ್ದೆಗೆ ಕೊಳವೆ ಬರುವುದು ನಿಲ್ಲಲಿಲ್ಲ.

ವಿಜ್ಞಾನದ ಹೆಸರಲ್ಲಿ ನಡೆದ ತಪ್ಪು ಇಲ್ಲಿದೆ. ಹಸಿ-ಒಣ ವಿಧಾನ ಗದ್ದೆಯ ವಿಧಾನ ಎಂದುಕೊಂಡಿದ್ದಾರೆ. ಬೋರ್‌ವೆಲ್ ಇರುವವನಿಗೆ ಅದು ಗದ್ದೆಯ ವಿಧಾನವೇ. ಗುಂಡಿ ಒತ್ತಿದರೆ ನೀರು. ಕಾಲುವೆ ಕೆಳಗೆ ಅದು ಕಾಲುವೆಯ ವಿಧಾನ. ಒಣಗಿಸುವ ದಿನವನ್ನೂ ಹಸಿ ಮಾಡುವ ದಿನವನ್ನೂ ಕೊಳವೆ ತೀರ್ಮಾನಿಸುವುದಿಲ್ಲ, ಗೇಟು ತೀರ್ಮಾನಿಸುತ್ತದೆ. ನಮ್ಮ ನಾಲೆಯಲ್ಲಿ ನೀರು ಕಡಿಮೆಯಾದಾಗ 'ಆನ್ ಅಂಡ್ ಆಫ್' ಪದ್ಧತಿ ಎಂದು ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು ಮಾಡುತ್ತಾರಲ್ಲ, ಅದನ್ನು ಬೆಳೆಯ ವಯಸ್ಸಿಗೆ ಹೊಂದಿಸಿ, ಮೊದಲೇ ತಾರೀಖು ಹೇಳಿ, ಮೇಲಿನಿಂದ ಕೆಳಗಿನವರೆಗೆ ಮಾತು ಉಳಿಸಿಕೊಂಡು ಮಾಡಿದರೆ ಅದೇ ಹಸಿ-ಒಣ ವಿಧಾನ. ಕೊಳವೆಯೇ ಬೇಕಿಲ್ಲ. ಮೇಲಿನವರ ಗದ್ದೆ ಒಣಗಿದ ದಿನ ಕೆಳಗಿನವರಿಗೆ ನೀರು. ಮೀಥೇನೂ ಇಳಿಯುತ್ತದೆ, ಕೆಳಭಾಗಕ್ಕೆ ನ್ಯಾಯವೂ ಸಿಗುತ್ತದೆ. ಇಷ್ಟು ಸರಳ ವಿಷಯ ಕಾಣದೇ ಹೋದದ್ದು ಯಾಕೆಂದರೆ, ಬೇಸಾಯದ ಸಲಹೆ ಕೊಡುವವರು ಗೇಟಿನ ಹತ್ತಿರ ಹೋಗಲಿಲ್ಲ, ಗೇಟಿನವರು ಪೈರಿನ ಹತ್ತಿರ ಬರಲಿಲ್ಲ. ಹೇಳಿದ್ದನ್ನು ಮಾಡಿಸುವ ಹೊಣೆ ಸಲಹೆಗಾರರ ಮೇಲಿದ್ದಿದ್ದರೆ, ಮೊದಲ ಹಂಗಾಮಿನಲ್ಲೇ ಅವರಿಗೆ ಇದು ತಿಳಿದುಹೋಗುತ್ತಿತ್ತು.

ಇದರಿಂದ ಒಂದು ಅನ್ಯಾಯವೂ ಹುಟ್ಟಿದೆ. ಇಂಗಾಲದ ಮಾರುಕಟ್ಟೆಯಲ್ಲಿ ಹಣ ಸಿಗುವುದು ಅನಿಲ ಕಡಿಮೆ ಮಾಡಿದವರಿಗೆ. ಕಡಿಮೆ ಮಾಡಲು ಮೊದಲು ಹೆಚ್ಚು ಇರಬೇಕು; ಅಂದರೆ ನೀರು ನಿಲ್ಲಿಸಿದ ಗದ್ದೆ ಬೇಕು. ನಾಲೆಯ ಮೇಲ್ಭಾಗದಲ್ಲಿ ಹಂಗಾಮಿಡೀ ನೀರು ನಿಲ್ಲಿಸಿದವನು ನಾಲ್ಕು ದಿನ ಒಣಗಿಸಿದರೆ ಲೆಕ್ಕಕ್ಕೆ ಬರುತ್ತಾನೆ. ಕೆಳಭಾಗದಲ್ಲಿ ನೀರು ಸಿಗದೇ ಮೂವತ್ತು ವರ್ಷದಿಂದ ಒಣಗಿಸುತ್ತಲೇ ಬಂದ ಕಾಕಾ ಲೆಕ್ಕಕ್ಕೆ ಬರುವುದಿಲ್ಲ. ಈ ಲೆಕ್ಕದ ನಿಯಮ ಬರೆಯುವುದನ್ನು ತಾಂತ್ರಿಕ ವಿಷಯ ಎಂದು ಸಲಹೆಯ ಕಡೆಗೆ ಹಾಕಿದ್ದಾರೆ. ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಏಳುವ ಹೊತ್ತಿಗೆ ನಿಯಮ ಬರೆದಾಗಿರುತ್ತದೆ.

'ತಾಂತ್ರಿಕ' ಎಂಬ ಪದದ ಬಿಸಿ ಮಸ್ಕಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ನಾರಾಯಣಪುರ ಬಲದಂಡೆ ಕಾಲುವೆಯಿಂದ 5ಎ ಶಾಖಾ ಕಾಲುವೆ ತೆಗೆದು ನಮ್ಮ ಹೊಲಗಳಿಗೆ ಹರಿ ನೀರಾವರಿ ಕೊಡಿ ಎಂದು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಕೂತರು. ತಿಂಗಳುಗಟ್ಟಲೆ ಕೂತರು. ತಾಂತ್ರಿಕವಾಗಿ ಸಾಧ್ಯವಿಲ್ಲ, ನಂದವಾಡಗಿ ಏತ ನೀರಾವರಿಯಿಂದ ಕೊಡುತ್ತೇವೆ ಎಂಬ ಉತ್ತರ ಬಂತು. ನಾನು ಎಂಜಿನಿಯರ್ ಅಲ್ಲ. ಆ ಕಾಲುವೆ ಸಾಧ್ಯವೋ ಅಲ್ಲವೋ ಎಂದು ಇಲ್ಲಿ ತೀರ್ಪು ಕೊಡುವುದಿಲ್ಲ. ನನ್ನ ಆಕ್ಷೇಪ ಆ ವಾಕ್ಯದ ರೀತಿಯ ಮೇಲೆ. ಸಾಧ್ಯವಿಲ್ಲ ಎಂದವರು ಪಾಮನಕಲ್ಲೂರಿನ ಟೆಂಟಿಗೆ ಬಂದು, ನಕ್ಷೆ ಹಾಸಿ, ಇಲ್ಲಿ ಇಷ್ಟು ಎತ್ತರ, ಇಲ್ಲಿ ಇಷ್ಟು ಖರ್ಚು, ಬದಲಿಗೆ ಇಷ್ಟು ವರ್ಷದಲ್ಲಿ ಇಷ್ಟು ನೀರು, ತಪ್ಪಿದರೆ ನಮ್ಮನ್ನು ಕೇಳಿ ಎಂದು ಕೂರಬೇಕಿತ್ತು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಜನ ಈ ಪ್ರಶ್ನೆಯನ್ನು ಮತಗಟ್ಟೆಗೆ ಒಯ್ದರು. ಉತ್ತರ ಕೊಡುವವರು ಬೇರೆಲ್ಲೂ ಸಿಗದಿದ್ದಾಗ ಜನ ಇನ್ನೆಲ್ಲಿಗೆ ಹೋಗಬೇಕು? ಅಶೋಕನ ಹೆಸರು ಕೆತ್ತಿದ ಶಾಸನ 1915ರಲ್ಲಿ ಸಿಕ್ಕ ಊರು ಅದು. ಆ ಆಜ್ಞೆಯ ಮೇಲೆ ಆಜ್ಞಾಪಿಸಿದವನ ಹೆಸರಿತ್ತು.

ಲಿಂಗಸುಗೂರಿನ ಕಡೆ ಹೋದರೆ ಚಿತ್ರವೇ ಬೇರೆ. ಕೃಷ್ಣೆಯ ಕಾಲುವೆ ಮುಟ್ಟಿದಷ್ಟು ಕಡೆ ಹಸಿರು, ಉಳಿದದ್ದು ಮಳೆ ನಂಬಿದ ತೊಗರಿ, ಸಜ್ಜೆ, ಜೋಳ. ಅಲ್ಲಿಯ ರೈತನಿಗೆ ಮೀಥೇನಿನ ಮಾತೇ ಇಲ್ಲ. ಬೇಕಾದದ್ದು ಮಳೆಯ ಸುದ್ದಿ ಮತ್ತು ಬೆಳೆ ಹೋದಾಗ ಪರಿಹಾರ. ಸುದ್ದಿ ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಚೆನ್ನಾಗಿದೆ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಿವೆ. 2023ರಲ್ಲಿ ಮಳೆ ಕೈಕೊಟ್ಟದ್ದನ್ನು ಅವು ಸರಿಯಾಗಿಯೇ ಅಳೆದವು; 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯೂ ಆಯಿತು. ಹಣ? ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೇಳಿದ್ದಕ್ಕೆ 3,454 ಕೋಟಿ ಬಂದದ್ದು 2024ರ ಏಪ್ರಿಲ್ ಕೊನೆಗೆ. ಆ ವೇಳೆಗೆ ಹಿಂಗಾರೂ ಮುಗಿದು ಮುಂದಿನ ಮುಂಗಾರಿಗೆ ಬೀಜ ಕೊಳ್ಳುವ ಕಾಲ. ಅಳೆಯುವವರು ಒಂದು ಕಡೆ, ಕೊಡುವವರು ಒಂದು ಕಡೆ ಇದ್ದರೆ ಅಳತೆ ಎಷ್ಟು ನಿಖರವಾಗಿದ್ದೂ ಏನು ಬಂತು?

ಹಾಗಾದರೆ ಎಲ್ಲವನ್ನೂ ಒಂದೇ ಸಮಿತಿಗೆ ಸುರಿಯಬೇಕೇ, ವಿಶ್ವವಿದ್ಯಾಲಯದವರು ಗೇಟು ಎತ್ತಬೇಕೇ ಎಂದು ಕೇಳುತ್ತಾರೆ. ಎತ್ತಬೇಕಿಲ್ಲ. ಕೆಲಸದ ಹಂಚಿಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಕಮ್ಮಾರ ಕುಳ ಮಾಡುತ್ತಾನೆ, ಬಡಿಗ ನೇಗಿಲು ಮಾಡುತ್ತಾನೆ. ಆದರೆ ಕುಳ ನೇಗಿಲಿಗೆ ಕೂರದಿದ್ದರೆ ಇಬ್ಬರೂ ಮತ್ತೆ ಕೂತು ಸರಿ ಮಾಡಿಕೊಡುತ್ತಿದ್ದರು. ಕುಳ ಚೆನ್ನಾಗಿಯೇ ಇದೆ, ನೇಗಿಲಿನವನನ್ನು ಕೇಳು ಎಂದು ಕಮ್ಮಾರ ಹೇಳಿದರೆ ಮುಂದಿನ ಸುಗ್ಗಿಗೆ ಅವನ ಆಯ ನಿಲ್ಲುತ್ತಿತ್ತು. ಹಂಚಿಕೊಳ್ಳಬೇಕಾದದ್ದು ಕೆಲಸ. ಬಾನ್‌ನಲ್ಲೂ ಮುನಿರಾಬಾದ್‌ನಲ್ಲೂ ಹಂಚಿಕೊಂಡದ್ದು ಹೊಣೆ. ಹೊಣೆಯನ್ನು ಎರಡು ಪಾಲು ಮಾಡಿದರೆ ಯಾರ ಪಾಲಿಗೂ ಅರ್ಧ ಉಳಿಯುವುದಿಲ್ಲ, ಎರಡೂ ಪಾಲು ಕಳೆದುಹೋಗುತ್ತವೆ.

ಸಲಹೆಗಾರನಿಗೆ ಜಾರಿಯ ಹೊಣೆ ಹೊರಿಸಿದರೆ ಅವನು ಹೆದರಿ ಸುಲಭದ ಸಲಹೆಯನ್ನೇ ಕೊಡುತ್ತಾನೆ ಎಂದು ಇನ್ನೊಂದು ವಾದ. ಇದರಲ್ಲಿ ಸತ್ಯಾಂಶ ಇದೆ. ಆದರೆ ಈಗ ಬರುತ್ತಿರುವ ಸಲಹೆ ಏನು? ಒಣಗಿಸು ಎಂಬುದೇ ಎಲ್ಲಕ್ಕಿಂತ ಸುಲಭದ ಸಲಹೆ. ರೈತನ ಮೇಲೆ ಹಾಕುವುದಕ್ಕಿಂತ ಸುಲಭ ಬೇರೆ ಯಾವುದಿದೆ? ಮೇಲ್ಭಾಗದ ಗೇಟು ನಾಲ್ಕು ದಿನ ಮುಚ್ಚಿ ಎಂಬುದು ಕಷ್ಟದ ಸಲಹೆ; ಅದಕ್ಕೆ ಶಾಸಕರ ಮುಖ ನೋಡಬೇಕು, ಗಿರಣಿಯವರ ಮುಖ ನೋಡಬೇಕು. ಹೊಣೆ ಇಲ್ಲದವರೇ ಅದನ್ನು ಕೊಡದೇ ಉಳಿದಿದ್ದಾರೆ.

ಬಾನ್‌ನಲ್ಲಿ ನಡೆಯುವ ಜಂಟಿ ಕಾರ್ಯದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ. ಅದನ್ನು ಇನ್ನೊಂದು ಹೆಸರಿನಲ್ಲಿ ಇನ್ನೊಂದು ನಾಲ್ಕು ವರ್ಷಕ್ಕೆ ಎಳೆಯುವುದರಲ್ಲಿ ಅರ್ಥವಿಲ್ಲ. ಕೃಷಿಯ ವಿಷಯದಲ್ಲಿ ಕ್ಯೋಟೊದ ಗೆರೆಯನ್ನು ಅಳಿಸಿ, ಸಲಹೆ, ಹಣ, ಜಾರಿ ಮೂರಕ್ಕೂ ಒಂದೇ ಕಡೆ ಉತ್ತರ ಸಿಗುವ ಕಾಯಂ ವ್ಯವಸ್ಥೆಯನ್ನು ಭಾರತ ಕೇಳಬೇಕು. ಬೆಂಬಲಿಸಲು ಭತ್ತ ಬೆಳೆಯುವ ಅರ್ಧ ಏಷ್ಯಾ ಇದೆ. ಅದನ್ನು ಕೇಳುವ ನೈತಿಕ ಬಲ ಬರಬೇಕಾದರೆ ನಮ್ಮ ನಾಲೆಯಲ್ಲಿ ಮೊದಲು ಮಾಡಿ ತೋರಿಸಬೇಕು. ಐಸಿಸಿ ಹೊರಡಿಸುವ ನೀರಿನ ವೇಳಾಪಟ್ಟಿಯಲ್ಲೇ ಒಣಗಿಸುವ ದಿನಗಳು ಬರಲಿ. ಸಸಿ ಮಡಿ ಹಾಕುವ ಮೊದಲೇ, ವಿತರಣಾ ಕಾಲುವೆ ವಾರು, ತಾರೀಖು ಸಮೇತ. ಆ ಪಟ್ಟಿಗೆ ಕೃಷಿ ಸಲಹೆ ಕೊಟ್ಟವರ ಸಹಿಯೂ ಗೇಟು ನಡೆಸುವವರ ಸಹಿಯೂ ಒಂದೇ ಕಾಗದದ ಮೇಲೆ ಇರಲಿ. ಒಣಗಿಸಿದವನಿಗೆ ಮುಂದಿನ ಸರದಿಯ ಮೊದಲ ನೀರು ಎಂಬ ಮಾತು ಅದರಲ್ಲಿರಲಿ. ಮೈಲ್ 69ರ, 104ರ ಗೇಜ್ ಪ್ರತಿದಿನ ಎಷ್ಟಿತ್ತು ಎಂದು ಊರ ಪಂಚಾಯಿತಿ ಗೋಡೆಯ ಮೇಲೆ ಬರೆಯಲಿ. ತಪ್ಪಿದ ದಿನ ಸಹಿ ಹಾಕಿದ ಇಬ್ಬರೂ ಕೆಳಭಾಗದ ಹಳ್ಳಿಗೆ ಬರಲಿ. ಊರಿಗೆ ಬಂದಾಕಿ ನೀರಿಗೆ ಬರದೆ ಇರ್ತಾಳೇನು ಎಂದು ನಮ್ಮ ಕಡೆ ಕೇಳುತ್ತಾರೆ; ಸಲಹೆ ಹೊತ್ತು ಊರಿಗೆ ಬಂದವರು ಕಾಲುವೆಯ ದಂಡೆಗೂ ಬರಬೇಕು.

ಮೊನ್ನೆ ಮತ್ತೆ ಆ ಗದ್ದೆಯ ಕಡೆ ಹೋಗಿದ್ದೆ. ಕೊಯ್ಲು ಮುಗಿದು ಕೂಳೆ ನಿಂತಿತ್ತು. ಕಾಕಾ ಕೊಳವೆಯನ್ನು ಕಿತ್ತಿರಲಿಲ್ಲ. "ಇರ್ಲಿ ಬಿಡು ತಮ್ಮಾ, ಕೊಟ್ಟಾರು ಬಂದ್ರ ತೋರಸ್ತೀನಿ," ಅಂದರು. ಬಗ್ಗಿ ನೋಡಿದೆ. ಒಳಗೆ ಜೇಡ ಬಲೆ ನೇಯ್ದಿತ್ತು.